ವಜೀರ್ ಸಾಹೇಬರ ಬಲಗಿವಿ

ನುಡಿದದ್ದನ್ನೂ ನುಡಿಯಲಾಗದೆ ಎದೆಯಲ್ಲೇ ಉಳಿದದ್ದನ್ನೂ ಸಮನಾಗಿ ಆಲಿಸುವವನೇ, ಮುಗಿಲಿನ ಗುಡುಗಿಗೂ ಹುಳು ಹಿಪ್ಪುನೇರಳೆ ಎಲೆ ಮೇಯುವ ಮರ್ಮರಕ್ಕೂ ಒಂದೇ ಗಮನವನ್ನು ಕೊಡುವವನೇ, ಯಾವ ಹೆಸರಿನಿಂದ ಕರೆದರೂ ಓಗೊಡುವ ದಯಾಳುವೇ, ಮೊದಲ ವಂದನೆ ನಿನಗೆ. ಹೇಳುವ ನಾಲಿಗೆಯಲ್ಲಿ ಸುಳ್ಳು ಸುಳಿಯದಿರಲಿ. ಕೇಳುವ ಮನಸ್ಸು ಈ ಹೊತ್ತಿನ ಮಟ್ಟಿಗೆ ಬಿಡುವಾಗಿರಲಿ. ಶಿಡ್ಲಘಟ್ಟದಲ್ಲಿ ಒಂದು ಗುರುವಾರ ನಡೆದ ಸಣ್ಣ ಸಂಗತಿಯಿದು. ಸಣ್ಣದಕ್ಕೂ ನಿನ್ನ ಅನುಮತಿಯಿರಲಿ.

ರಹಮತುನ್ನೀಸಾ ಕಾರಿನ ಬಾಗಿಲು ತೆರೆದು ಹಿಡಿದುಕೊಂಡೇ ನಿಂತಿದ್ದರು, ಹತ್ತಲಿಲ್ಲ. "ಈ ಸದ್ದು ನಿಲ್ಲೋವರೆಗೂ ನಾನು ಚಿಂತಾಮಣಿಗೆ ಬರೋಳಲ್ಲ, ಅಜೀ," ಎಂದರು ಮನೆಯ ಉರ್ದುವಿನಲ್ಲಿ. "ಹೋದ ಸಲ ನಮ್ಮಕ್ಕನ ಬೀದೀಲಿ ಮೂರು ಮನೆಯವ್ರು ಹಳೇ ಪಾತ್ರೆ ಹಿಡ್ಕೊಂಡು ಆಚೆ ಬಂದ್ರು, ಕಲಾಯಿ ಹಾಕೋನು ಬಂದ ಅಂತ."

ವಜೀರ್ ಸಾಹೇಬರು ನಕ್ಕರು. ಇಂಜಿನ್ ಓಡುತ್ತಿತ್ತು, ಅವರ ಕಿವಿಗೆ ಅದು ಹೊಟ್ಟೆ ತುಂಬಿದ ಹಸು ಮೆಲುಕು ಹಾಕುವಷ್ಟು ಮೆಲ್ಲಗೆ, ತೃಪ್ತಿಯಿಂದ ಓಡುತ್ತಿತ್ತು. ಯಾವ ಸದ್ದು ಎಂದು ಕೇಳುವುದನ್ನು ಅವರು ಹದಿನೈದು ದಿನಗಳ ಹಿಂದೆಯೇ ಬಿಟ್ಟಿದ್ದರು. ಮೊದಲ ದಿನ ಹಾಗೆ ಕೇಳಿದಾಗ ಹೆಂಡತಿ ತಮ್ಮನ್ನು ನೋಡಿದ ನೋಟಕ್ಕೆ ಅವರಿಗೆ ಇಂದಿಗೂ ಹೆಸರು ಸಿಕ್ಕಿರಲಿಲ್ಲ. ಕೋಪವಲ್ಲ, ಗೇಲಿಯಲ್ಲ; ಮಲಗಿದ ಮಗು ಹೊದಿಕೆ ಒದ್ದುಕೊಂಡದ್ದನ್ನು ಕಂಡು ತಾಯಿ ಒಂದು ಕ್ಷಣ ತಡೆದು ನಿಲ್ಲುತ್ತಾಳಲ್ಲ, ಹಾಗಿತ್ತು ಅದು. ಆ ನೋಟವನ್ನು ಮತ್ತೆ ಎದುರಿಸುವುದಕ್ಕಿಂತ "ಹೌದು, ಇದೆ, ಸ್ವಲ್ಪ" ಎಂದುಬಿಡುವುದು ಸುಲಭವಾಗಿತ್ತು. ಹೆಂಗಸರ ಕಿವಿ ಇಲ್ಲದ್ದನ್ನೂ ಕೇಳುತ್ತದೆ, ಅಥವಾ ಅಕ್ಕನ ಮನೆಯವರು ಕೊಂಡಂತೆ ಹೊಸ ಕಾರು ಕೊಳ್ಳಲೆಂದು ಇದೊಂದು ನೆವವಿರಬಹುದು ಎಂದು ಅವರು ತಮ್ಮೊಳಗೆ ತೀರ್ಮಾನಿಸಿಕೊಂಡಿದ್ದರು. ತೀರ್ಮಾನಿಸುವುದು ಅವರಿಗೆ ಅಭ್ಯಾಸ. ರೇಷ್ಮೆ ಗೂಡಿನಿಂದ ನೂಲು ಬಿಚ್ಚಿಸುವ ಉದ್ಯೋಗದಲ್ಲಿ ನಲವತ್ತೊಂದು ವರ್ಷ ಅವರು ಮಾಡಿದ್ದೆಲ್ಲ ಅದೇ.

ಈಚಿನ ಎರಡು ವರ್ಷಗಳಲ್ಲಿ ಲೋಕವು ಅವರ ಪಾಲಿಗೆ ಬಹಳ ಸಭ್ಯವಾಗಿಬಿಟ್ಟಿತ್ತು. ಬಸ್ಸುಗಳು ಮೊದಲಿನಂತೆ ಎದೆ ಸೀಳುವ ಹಾರನ್ನು ಹೊಡೆಯುತ್ತಿರಲಿಲ್ಲ. ತಮ್ಮ ಕಾರ್ಖಾನೆಯ ಬಿಸಿನೀರಿನ ತೊಟ್ಟಿಗಳ ಮುಂದೆ ಕುಳಿತ ಹೆಂಗಸರು ಜಗಳವಾಡುವುದನ್ನು ಬಿಟ್ಟಂತಿತ್ತು. ರಾಟೆಗಳ ಕಿರುಗುಟ್ಟುವಿಕೆಯೂ ಎಣ್ಣೆ ಕಂಡಂತೆ ಅಡಗಿತ್ತು. ಬೆಳಗಿನ ಜಾವದ ಬಾಂಗಿನಲ್ಲಿ ಕೂಗುವವರ ದನಿ ವಯಸ್ಸಾಗುತ್ತ ಮೃದುವಾಗಿದೆ, ಪಾಪ, ಎಂದು ಅವರು ಮರುಗಿದ್ದರು. ಅವರನ್ನು ಎಬ್ಬಿಸುತ್ತಿದ್ದುದು ಪಾದದ ಮೇಲೆ ಬೀಳುವ ರಹಮತುನ್ನೀಸಾರ ಬೆರಳು. ಜೀವಮಾನವಿಡೀ ದುಡಿದವನಿಗೆ ದೇವರು ಕೊನೆಯಲ್ಲಿ ಕೊಡುವ ಶಾಂತಿ ಎಂದರೆ ಇದೇ ಎಂದುಕೊಂಡು, ಪ್ರಾರ್ಥನೆಯ ಬಳಿಕ ಒಂದೆರಡು ಮಾತು ಹೆಚ್ಚಾಗಿಯೇ ಕೃತಜ್ಞತೆ ಸಲ್ಲಿಸುತ್ತಿದ್ದರು. ಆ ಕೃತಜ್ಞತೆಯಲ್ಲಿ ಕಪಟವಿರಲಿಲ್ಲ.

"ಮುನಿಗಂಗಪ್ಪನ ಹತ್ರ ಹೋಗಣ, ಹತ್ತು," ಎಂದರು.

"ಸೋಮವಾರ ಹೋಗಿ ಬಂದ್ರಲ್ಲ, ಏನಾಯ್ತು?"

ಚಿಂತಾಮಣಿ ರಸ್ತೆಯ ಗ್ಯಾರೇಜಿನಲ್ಲಿ ಮುನಿಗಂಗಪ್ಪ ಸೋಮವಾರ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು, ಒಂದೊಂದೇ ಭಾಗವನ್ನು ಒತ್ತಿ ಹಿಡಿದಿದ್ದ. "ಸದ್ದು ನಿಂತಾಗ ನಿಂತ್ತು ಅನ್ನಿ, ಅಷ್ಟೇ. ನಿಮ್ಮ ಕಿವಿ ಮುಂದೆ ನಂದೇನು ಸಾಹೇಬ್ರೇ, ಗೂಡಿನೊಳಗೆ ಹುಳ ಮಗ್ಗುಲಾದ್ರೂ ಕೇಳೋ ಕಿವಿ ಅದು" ಎಂದು ಗುಂಡಿಯೊಳಗಿಂದ ಕೂಗಿ ಹೇಳಿದ್ದ. ಸಾಹೇಬರು ಸ್ಟೀರಿಂಗಿನ ಹಿಂದೆ ನೆಟ್ಟಗೆ ಕುಳಿತು, ಸಾಕಷ್ಟು ಹೊತ್ತಾಯಿತೆನ್ನಿಸಿದಾಗ, "ನಿಂತ್ತು" ಎಂದಿದ್ದರು. ಮುನಿಗಂಗಪ್ಪ ಮರುಮಾತಿಲ್ಲದೆ ಆಗ ಕೈಯಲ್ಲಿದ್ದುದನ್ನು, ಸೈಲೆನ್ಸರನ್ನು ತೂಗುಹಾಕುವ ರಬ್ಬರಿನ ಬಳೆಯನ್ನು, ಬದಲಾಯಿಸಿ ಕಳಿಸಿದ್ದ. ಆ ನಂಬಿಕೆಯೇ ಅವರನ್ನು ಮೂರು ದಿನಗಳಿಂದ ಚುಚ್ಚುತ್ತಿತ್ತು. ಯಾರಾದರೂ ಸಂದೇಹಪಟ್ಟಿದ್ದರೆ ಅವರು ಜಗಳವಾಡಬಹುದಿತ್ತು. ನಂಬಿದವನ ಜೊತೆ ಏನು ಮಾಡುವುದು?

ಅವರ ಬಲಗಿವಿಯನ್ನು ಊರು ನಂಬಿತ್ತು. ಗೂಡಿನ ಮಾರುಕಟ್ಟೆಯ ಉದ್ದನೆಯ ಹಜಾರದಲ್ಲಿ ರೈತರು ಜಾಲರಿಗಳ ತುಂಬ ಹಳದಿ ಗೂಡು ಸುರಿದು ಕಾಯುತ್ತಾರೆ. ಕೊಳ್ಳುವವರು ಮುಟ್ಟಿ ನೋಡುತ್ತ ಸಾಗುತ್ತಾರೆ. ಈಗ ಕೂಗುವ ಹರಾಜಿಲ್ಲ, ಎಲ್ಲರ ಕೈಯಲ್ಲೂ ಮೊಬೈಲು, ಹೆಬ್ಬೆರಳಿನಲ್ಲಿ ಬೆಲೆ. ಆದರೂ ಆ ಹೆಬ್ಬೆರಳು ಒತ್ತುವ ಮುನ್ನ ಹತ್ತಾರು ಕಣ್ಣು ವಜೀರ್ ಸಾಹೇಬರ ಕೈಯನ್ನು ಹುಡುಕುತ್ತಿದ್ದವು. ಬೇರೆಯವರು ಬ್ಲೇಡಿನಿಂದ ಗೂಡನ್ನು ಸೀಳಿ ಒಳಗಿನ ಹುಳುವನ್ನು ನೋಡುತ್ತಾರೆ. ಸಾಹೇಬರು ಸೀಳುವವರಲ್ಲ, ಸಂಶಯಕ್ಕಾಗಿ ಒಂದು ಜೀವವನ್ನು ಬಯಲಿಗೆಳೆಯಬಾರದೆಂದು ಅವರ ತಂದೆ ಹೇಳಿಕೊಟ್ಟಿದ್ದರು. ಕಣ್ಣು ಮುಚ್ಚು, ಬಲಗಿವಿಯ ಹತ್ತಿರ ಹಿಡಿ, ಮೂರು ಸಲ ಅಲ್ಲಾಡಿಸು. ಹುಳು ಚೆನ್ನಾಗಿ ಕೋಶವಾಗಿದ್ದರೆ ಒಣಗಿದ ಅವರೆಕಾಯಿಯೊಳಗಿನ ಕಾಳಿನಂತೆ ತಟತಟ ಎನ್ನುತ್ತದೆ. ರೋಗ ಬಂದು ಕರಗಿ ಗೋಡೆಗೆ ಅಂಟಿದ್ದರೆ ಮೂಕ. ಸಾಹೇಬರು ಕೇಳಿ, ಗೂಡನ್ನು ರಾಶಿಗೆ ಎಸೆದರೆ ಒಳ್ಳೆಯದು. ಜಾಲರಿಯ ಅಂಚಿನ ಮೇಲೆ ಒಂಟಿಯಾಗಿ ಇಟ್ಟು ಮುಂದೆ ನಡೆದರೆ ಆ ರಾಶಿಗೆ ಯಾರೂ ಬೆಲೆ ಏರಿಸುತ್ತಿರಲಿಲ್ಲ. ಇದನ್ನು ಯಾರೂ ನಿಯಮ ಮಾಡಿರಲಿಲ್ಲ. ನಲವತ್ತೊಂದು ವರ್ಷ ತಪ್ಪದೇ ಇದ್ದುದರಿಂದ ತಾನಾಗಿಯೇ ನಿಯಮವಾಗಿತ್ತು.

ಗ್ಯಾರೇಜಿಗೆ ಬಂದಾಗ ಮುನಿಗಂಗಪ್ಪ ಕಾರಿನ ಸುತ್ತ ಒಂದು ಸುತ್ತು ಬಂದು ತಲೆ ಕೆರೆದುಕೊಂಡ. "ರಬ್ಬರ್ ಹೊಸದು ಹಾಕಿದ್ರೂ ಹಂಗೇ ಇದೆ. ಇದೇನ್ ಸಾಹೇಬ್ರೇ, ಗಾಡಿಗೆ ದೃಷ್ಟಿ ಆಗಿದ್ಯಾ? ಅಮ್ಮಾ, ನೀವು ಹಿಂದೆ ಆರಾಮಾಗಿ ಕೂತಿರಿ, ಇಳೀಬೇಡಿ."

ಮತ್ತೆ ಅದೇ ಗುಂಡಿ, ಅದೇ ಕೂಗು. ಸಾಹೇಬರು ಕಿವಿಯನ್ನಲ್ಲ, ಇಡೀ ಮುಖವನ್ನೇ ಬಿಗಿಹಿಡಿದು ಕುಳಿತರು. "ಈಗ?" "ಇದೆ." "ಈಗ?" "ಇದೆ." ಶಾಲೆಯಲ್ಲಿ ಮಗ್ಗಿ ಬಾರದೆ ಪಕ್ಕದವನ ತುಟಿ ನೋಡಿ ಒಪ್ಪಿಸುತ್ತಿದ್ದ ದಿನ ನೆನಪಾಯಿತು, ಆ ಮೇಷ್ಟ್ರು ಒಮ್ಮೆ ಪಕ್ಕದವನನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದಾಗ ಹತ್ತೊಂಬತ್ತೆಂಟ್ಲ ಎಂಬಲ್ಲಿ ಬಾಯಿ ಒಣಗಿ ನಿಂತದ್ದು. "ಈಗ?"

"ನಿಂತ್ತು," ಎಂದರು.

ಮುನಿಗಂಗಪ್ಪನ ಎಣ್ಣೆ ಹತ್ತಿದ ತಲೆ ಬಾಗಿಲ ಪಕ್ಕದಲ್ಲಿ ಮೇಲೆದ್ದಿತು. "ಏನ್ ಸಾಹೇಬ್ರೇ, ತಮಾಷೆನಾ? ಎರಡು ಕೈನೂ ಬಿಟ್ಟು ಜೇಬಲ್ಲಿ ಬೀಡಿ ಹುಡುಕ್ತಿದ್ದೆ ನಾನು. ತಗಡು ತಮಟೆ ಬಡ್ದಂಗೆ ಬಡ್ಕೊಂತಿದೆ!"

"ತಮಾಷೆಗೇ ಅಂದೆ ಕಣಪ್ಪ," ಎಂದರು ಸಾಹೇಬರು, ನಗುತ್ತ. ಆ ನಗೆ ತಮ್ಮ ಗಲ್ಲದ ಮೇಲೆ ಯಾರದೋ ಅಂಗಿಯಂತೆ ಸಡಿಲವಾಗಿ ನೇತಾಡುತ್ತಿರುವುದು ಅವರಿಗೆ ಗೊತ್ತಾಯಿತು. ಹಿಂದಿನ ಸೀಟಿನಲ್ಲಿ ರಹಮತುನ್ನೀಸಾ ಕಿಟಕಿಯಾಚೆ ನೋಡುತ್ತ, "ಬಡೀತಾನೇ ಇದೆ, ಮುನಿಗಂಗಪ್ಪ," ಎಂದು ಮೆಲ್ಲಗೆ ಹೇಳಿದರು. ಕನ್ನಡಿಯಲ್ಲಿ ಅವರ ತುಟಿಯನ್ನು ಓದಿ ಸಾಹೇಬರು ಅದನ್ನು ತಿಳಿದರು. ತುಟಿಯನ್ನು ಓದಿ ತಿಳಿದೆನೆಂಬುದನ್ನು ಅವರು ಗಮನಿಸಿದ್ದು ಅದೇ ಮೊದಲು.

"ಇಳಿದು ಬನ್ನಿ, ಕಳ್ಳನ್ನ ತೋರಿಸ್ತೀನಿ," ಎಂದ ಮುನಿಗಂಗಪ್ಪ. ಗುಂಡಿಯ ಮೂರು ಮೆಟ್ಟಿಲು ಇಳಿದರೆ ತಲೆಯ ಮೇಲೆ ಕಾರಿನ ಹೊಟ್ಟೆ. ಸೈಲೆನ್ಸರ್ ಕೊಳವೆಯ ಶಾಖ ಕಾರಿನ ನೆಲಕ್ಕೆ ತಾಗದಂತೆ ಕಮಾನಾಗಿ ಹೊದಿಸಿದ ತೆಳು ತಗಡೊಂದು ಅಲ್ಲಿತ್ತು. ಮುನಿಗಂಗಪ್ಪ ಗೋಣಿಚೀಲದ ತುಂಡನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟು, "ಇದ್ರ ಮೇಲಿಂದ ಕೈ ಇಡಿ, ಸುಡ್ತದೆ" ಎಂದ. ಸಾಹೇಬರು ಇಟ್ಟರು.

ಸದ್ದು ಅವರ ಅಂಗೈಯೊಳಗಿತ್ತು. ಹಿಡಿದ ಹಕ್ಕಿಯ ಎದೆಯಂತೆ, ಬಿಡುವಿಲ್ಲದೆ, ನೂರು ಸಲ, ಸಾವಿರ ಸಲ. ಮಣಿಕಟ್ಟಿಗೆ ಹತ್ತಿತು, ಮೊಳಕೈಗೆ ಹತ್ತಿತು. ಅವರು ಕಿವಿಯನ್ನು ತಗಡಿನ ಕಡೆಗೆ ತಂದರು. ಅಲ್ಲಿ ಹೊಟ್ಟೆ ತುಂಬಿದ ಹಸುವಿನ ಮೆಲುಕು ಮಾತ್ರ. ಇಷ್ಟು ದೊಡ್ಡ ಗಲಭೆ ಅಂಗೈಯಲ್ಲಿದ್ದು ಕಿವಿಯಲ್ಲಿ ಇರಲಿಲ್ಲ. ಅವರ ಇನ್ನೊಂದು ಕೈ ತನ್ನಿಂತಾನೇ ಜುಬ್ಬದ ಜೇಬಿಗೆ ಹೋಯಿತು. ಅಲ್ಲಿ ಸದಾ ಒಂದೆರಡು ಗೂಡು ಇರುತ್ತಿದ್ದವು. ಜಪದ ಮಣಿಯಂತೆ ಉರುಳಿಸುವ ಅಭ್ಯಾಸ. ಒಂದನ್ನು ಬಲಗಿವಿಗೆ ಹಿಡಿದು ಅಲ್ಲಾಡಿಸಿದರು. ಮೌನ. ಮತ್ತೊಮ್ಮೆ. ಮೌನ. ಕಿವಿಯಿಂದ ತೆಗೆದು ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ ಹಗುರವಾಗಿ ಹಿಡಿದು ಅಲ್ಲಾಡಿಸಿದಾಗ ಒಳಗಿನ ಕೋಶ ಗೋಡೆಗೆ ತಟ್ಟಿತು, ತಟತಟ, ಬೆರಳ ತುದಿಯ ಚರ್ಮದಲ್ಲಿ, ಸ್ಪಷ್ಟವಾಗಿ.

ಹೋದ ಗುರುವಾರ ಮೇಲೂರಿನ ಆವಲಪ್ಪನ ಜಾಲರಿಯ ಮುಂದೆ ಅವರು ಹೀಗೆಯೇ ನಿಂತಿದ್ದರು. ಗೂಡು ನೋಡಲು ಚಂದವಿತ್ತು, ಒಂದೇ ಅಳತೆ, ಒಂದೇ ಬಣ್ಣ. ಒಂದನ್ನು ಎತ್ತಿ ಕೇಳಿದರು, ಮೂಕ. ಎರಡನೆಯದು, ಮೂಕ. ರಾಶಿಯ ತಳದಿಂದ ಮೂರನೆಯದನ್ನು ತೆಗೆದರು, ಅದೂ ಮೂಕ. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಅವರು ಕೇಳಿದೆನೆಂದುಕೊಂಡದ್ದು ಕಿವಿಯಿಂದಲೋ ಬೆರಳಿನಿಂದಲೋ ಯಾರು ಬಲ್ಲರು. ಆ ದಿನ ಬೆರಳುಗಳಿಗೆ ಬಿಸಿನೀರಿನ ಬೊಬ್ಬೆಯೆದ್ದು ಬಟ್ಟೆ ಸುತ್ತಿತ್ತು. ಅವರು ಗೂಡನ್ನು ಅಂಚಿನ ಮೇಲಿಟ್ಟರು. "ಯಾಕ್ ಸಾಹೇಬ್ರೇ, ಏನಾಯ್ತು?" ಎಂದ ಆವಲಪ್ಪ. "ಒಳಗೆ ಕರಗಿದೆ ಆವಲಪ್ಪ. ಹುಳ ಮಾತಾಡ್ತಿಲ್ಲ," ಎಂದರು, ಸುತ್ತಲಿನವರಿಗೆಲ್ಲ ಕೇಳುವಂತೆ. ಆವಲಪ್ಪ ಪಕ್ಕದವನ ಬ್ಲೇಡು ಕಸಿದು ತಾನೇ ಒಂದು ಗೂಡನ್ನು ಸೀಳಿ, ಕೋಶವನ್ನು ಅಂಗೈ ಮೇಲೆ ಚಾಚಿದ್ದ. ಕಂದುಬಣ್ಣದ ಆ ಜೀವ ಬಾಲವನ್ನು ಹೊರಳಿಸಿ ಬದುಕಿರುವೆನೆಂದು ಹೇಳಿತು. ಸಾಹೇಬರು ಅದನ್ನು ನೋಡಿದರು. ನೋಡಿಯೂ, "ಒಂದು ಬದುಕಿದ್ರೆ ರಾಶಿಯೆಲ್ಲ ಬದುಕಿದ್ಯಾ?" ಎಂದರು. ಯಾರೋ ನಕ್ಕರು. ಆವಲಪ್ಪ ಅಂಗೈಯನ್ನು ಚಾಚಿಕೊಂಡೇ ನಿಂತಿದ್ದ. ಮುಚ್ಚಿದರೆ ಹುಳು ಸಾಯುತ್ತದೆ, ತೆರೆದಿಟ್ಟರೆ ಎಲ್ಲರೂ ನೋಡುತ್ತಾರೆ. ಆ ಅಂಗೈ ಈಗ ಗುಂಡಿಯೊಳಗೆ, ತಗಡಿನ ಕೆಳಗೆ, ಅವರ ಕಣ್ಣ ಮುಂದಿತ್ತು.

"ಏನ್ ಸಾಹೇಬ್ರೇ, ಬೆವರ್ತಿದೀರಿ? ಮೇಲೆ ಹೋಗಿ, ಗಾಳಿ ಇದೆ," ಎಂದ ಮುನಿಗಂಗಪ್ಪ. "ಬೋಲ್ಟಿನ ತೂತು ತುಕ್ಕು ತಿಂದು ಅಗಲ ಆಗಿದೆ, ಅಷ್ಟೇ. ಅಗಲದ ವಾಷರ್ ಕೊಟ್ಟು, ಸುತ್ತ ಒಂದು ಕ್ಲಿಪ್ ಬಿಗೀತೀನಿ."

"ಕಿತ್ತೇ ಬಿಸಾಕಿದ್ರೆ?"

"ಕೆಲವ್ರು ಬಿಸಾಕ್ತಾರೆ. ಆಮೇಲೆ ಕಾಲಡಿ ಕಾಯ್ತದೆ, ಒಣಹುಲ್ಲಿನ ಮೇಲೆ ನಿಲ್ಸಿದ್ರೆ ಹೊತ್ಕೊಂತದೆ. ತಗಡು ಚೆನ್ನಾಗೇ ಇದೆ. ಹಿಡ್ಕೊಂಡಿದ್ದ ಜಾಗ ಸಡಿಲ ಆಗಿದೆ."

ಅವರು ಮೇಲೆ ಬಂದು ಹಲಗೆಯ ಮೇಲೆ ಕುಳಿತಾಗಲೇ ಪರ್ವೇಜ್ ಸ್ಕೂಟರು ನಿಲ್ಲಿಸಿದ್ದು. ಅವನೂ ನೂಲು ಬಿಚ್ಚಿಸುವವನೇ, ಪ್ರಾಯದವನು, ಆವಲಪ್ಪನ ರಾಶಿಯನ್ನು ಕೊನೆಗೆ ಅಗ್ಗಕ್ಕೆ ಕೊಂಡವನು. "ಚಾಚಾ!" ಎಂದು ಬಾಗಿ ಅವರ ಕಿವಿಯ ಬಳಿಯೇ ಬಂದುದರಿಂದ ಮಾತು ಪೂರ್ತಿ ಕೇಳಿಸಿತು. "ಆ ಮೇಲೂರ ಗೂಡು! ನೂಲು ಹೇಗೆ ಬಂತು ಅಂತೀರಿ, ಒಂದೆಳೆ ಕಡೀಲಿಲ್ಲ. ಬೆಲೆ ಇಳ್ಸೋಕೆ ಏನ್ ಕಲೆ ಚಾಚಾ ನಿಮ್ದು! ಮೂರು ಸಲ ಅಲ್ಲಾಡ್ಸಿ, ಸಾವಿನ ಮನೇಲಿ ಕೂತೋರ ಥರ ಮುಖ ಮಾಡಿ... ನಾನೇ ನಂಬ್ಬಿಟ್ಟಿದ್ದೆ. ಇನ್ನೊಂದ್ಸಲ ಮೊದ್ಲೇ ಒಂದು ಕಣ್ಸನ್ನೆ ಮಾಡಿ, ಆಯ್ತಾ?"

"ನಾನು..." ಎಂದರು ಸಾಹೇಬರು.

"ಹೇಳ್ಬೇಡಿ, ಹೇಳ್ಬೇಡಿ. ಗುಟ್ಟು ಗುಟ್ಟೇ. ಆ ಮನೆಯಮ್ಮ ಶ್ಯಾಮಲಮ್ಮ ಇನ್ನು ಹುಳ ಸಾಕಲ್ವಂತೆ, ಚಂದ್ರಿಕೆಗಳನ್ನೆಲ್ಲ ಇವತ್ತೇ ಮಾರ್ತಾರಂತೆ. ಪಾಪ. ಇಪ್ಪತ್ತು ವರ್ಷದಿಂದ ಅವ್ರದ್ದೇ ಕೈ." ಹುಳುಗಳು ಗೂಡು ಕಟ್ಟಲು ಏರುವ ಬಿದಿರಿನ ತಟ್ಟೆಗಳು ಆ ಚಂದ್ರಿಕೆಗಳು; ಅವನ್ನು ಮಾರುವುದೆಂದರೆ ಉದ್ಯೋಗವನ್ನೇ ಕಟ್ಟಿಡುವುದು. ಪರ್ವೇಜ್ ಅವರ ಭುಜ ತಟ್ಟಿ ಹೊರಟುಹೋದ.

ಸಾಹೇಬರು ಹಲಗೆಯ ಮೇಲೆಯೇ ಉಳಿದರು. ವಿಚಿತ್ರವೆಂದರೆ, ತಪ್ಪಿಸಿಕೊಳ್ಳುವ ದಾರಿ ಇಷ್ಟು ಅಗಲವಾಗಿ ತೆರೆದುಕೊಂಡದ್ದು. ಮುನಿಗಂಗಪ್ಪನ ಮುಂದೆ ಅವರು ತಮಾಷೆಗಾರರಾದರು. ಪರ್ವೇಜನ ಮುಂದೆ ಚಾಣಾಕ್ಷರಾದರು. ಎರಡೂ ಕಡೆ ಕಿವಿ ಉಳಿಯಿತು. ಮಾರುಕಟ್ಟೆಯಲ್ಲಿ ಚಾಣಾಕ್ಷನಿಗೆ ಬೈಗುಳದ ಜೊತೆಯಲ್ಲೇ ಒಂದು ಮರ್ಯಾದೆಯಿದೆ, ಕಿವುಡನಿಗೆ ಅದೂ ಇಲ್ಲ. ಪಾಪ ಮಾಡದೆಯೇ ಪಾಪದ ಹೆಸರನ್ನು ಹೊತ್ತುಕೊಂಡರೆ ಮಾನ ಉಳಿಯುತ್ತದೆಂಬ ಈ ಲೆಕ್ಕಾಚಾರ ಅವರಿಗೆ ನಗು ತರಿಸಿತು; ನಕ್ಕ ಮೇಲೆ ಹೆದರಿಕೆಯಾಯಿತು, ಏಕೆಂದರೆ ಅವರು ಪರ್ವೇಜನಿಗೆ ಅಲ್ಲವೆಂದು ಹೇಳಿರಲಿಲ್ಲ. ಮೇಲೂರಿನಲ್ಲಿ ಒಬ್ಬ ಹೆಂಗಸು ಈ ಹೊತ್ತಿಗೆ ಚಂದ್ರಿಕೆಗಳನ್ನು ಅಂಗಳಕ್ಕೆ ತಂದಿಡುತ್ತಿರಬಹುದು. ತಾನು ಸಾಕಿದ್ದು ಸತ್ತಿತ್ತೆಂದು ಅವಳು ನಂಬಿಬಿಟ್ಟರೆ, ಆ ನಂಬಿಕೆಯನ್ನು ಯಾವ ಜೇಬಿನಿಂದ ತೆಗೆದು ಹಿಂದಿರುಗಿಸುವುದು?

ಮುನಿಗಂಗಪ್ಪ ಕೈ ಒರೆಸಿಕೊಳ್ಳುತ್ತ ಬಂದ. "ಆಯ್ತು ಸಾಹೇಬ್ರೇ. ಕೇಳಿ ನೋಡಿ."

"ಅಮ್ಮನ್ನ ಕೇಳು," ಎಂದರು ಸಾಹೇಬರು. "ನನಗೆ ಮೊದಲೂ ಕೇಳ್ತಿರಲಿಲ್ಲ, ಈಗಲೂ ಕೇಳಲ್ಲ ಕಣಪ್ಪ. ಸೋಮವಾರನೂ ಸುಳ್ಳೇ ಹೇಳಿದ್ದು."

ಮುನಿಗಂಗಪ್ಪ ಕೈ ಒರೆಸಿಕೊಂಡ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ ಬಹಳ ಮರ್ಯಾದೆಯಿಂದ, "ನಂಗೂ ಎಡಗಣ್ಣು ಅಷ್ಟಕ್ಕಷ್ಟೇ ಸಾಹೇಬ್ರೇ. ಯಾರಿಗೂ ಹೇಳ್ಬೇಡಿ, ಗಿರಾಕಿ ಬರಲ್ಲ," ಎಂದ.

ಕಾರು ಊರಿನ ಕಡೆಗೆ ತಿರುಗಿದಾಗ ಮುಂದಿನ ಸೀಟಿಗೆ ಬಂದು ಕುಳಿತಿದ್ದ ರಹಮತುನ್ನೀಸಾ, "ಚಿಂತಾಮಣಿ ಆ ಕಡೆ," ಎಂದರು, ಅವರಿಗೆ ಕಾಣುವಂತೆ ಕೈ ತೋರಿಸಿ.

"ಮೊದಲು ಮೇಲೂರು." ಒಂದು ಫರ್ಲಾಂಗು ಹೋದ ಮೇಲೆ ಕೇಳಿದರು: "ನಿನಗೆ ಯಾವಾಗಿನಿಂದ ಗೊತ್ತು?"

"ಹೋದ ರಂಜಾನಿಗೂ ಮೊದಲಿಂದ. ಕುಕ್ಕರ್ ಕೂಗಿ ಕೂಗಿ ಅನ್ನ ಸೀದುಹೋಯ್ತು, ನೀವು ಪಕ್ಕದಲ್ಲೇ ಪೇಪರ್ ಓದ್ತಿದ್ರಿ."

"ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಒಪ್ತಿದ್ರಾ? ನನ್ನ ಕಿವಿ ಪರೀಕ್ಷೆ ಮಾಡ್ಸಿ ಅಂತಿದ್ರಿ." ಅವರು ನಕ್ಕರು, ಆಮೇಲೆ ಸೆರಗನ್ನು ಸರಿಮಾಡಿಕೊಂಡರು. "ಅದಕ್ಕೇ ಈ ತಗಡಿನ ಹಿಂದೆ ಬಿದ್ದೆ. ಅಕ್ಕನ ಬೀದಿಯ ಪಾತ್ರೆ ವಿಷಯ ಸುಳ್ಳು. ಸದ್ದು ಮಾತ್ರ ನಿಜ. ನಿಮಗೇ ತಿಳೀಲಿ ಅಂತ."

ಸಾಹೇಬರು ರಸ್ತೆಯನ್ನೇ ನೋಡುತ್ತ ಓಡಿಸಿದರು. ಎರಡೂ ಬದಿಯಲ್ಲಿ ಹಿಪ್ಪುನೇರಳೆ ತೋಟಗಳು ಬಿಸಿಲಿಗೆ ಮಿನುಗುತ್ತಿದ್ದವು. ತಮ್ಮ ಪಾಲಿಗೆ ಸಭ್ಯವಾದ ಲೋಕವು ನಿಜಕ್ಕೂ ಎಂದಿನಂತೆಯೇ ಕಿರುಚುತ್ತ, ಜಗಳವಾಡುತ್ತ, ಬಾಂಗು ಕೂಗುತ್ತ ಇತ್ತೆಂದೂ, ಇವಳೊಬ್ಬಳು ನಡುವೆ ನಿಂತು ಅದಷ್ಟನ್ನೂ ಬೆರಳ ತುದಿಯಿಂದ ತಮ್ಮ ಪಾದಕ್ಕೆ ಮುಟ್ಟಿಸುತ್ತಿದ್ದಳೆಂದೂ ಅವರಿಗೆ ಹೊಳೆಯಿತು. ಅವರು ದೇವರಿಗೆ ಸಲ್ಲಿಸಿದ ಹೆಚ್ಚಿನ ಕೃತಜ್ಞತೆ ವ್ಯರ್ಥವಾಗಿರಲಿಲ್ಲ. ಕಾರಣವನ್ನಷ್ಟೇ ಅವರು ತಪ್ಪಾಗಿ ತಿಳಿದಿದ್ದರು.

ಅಂಗಳದಲ್ಲಿ ಚಂದ್ರಿಕೆಗಳು ತೊಳೆದು ಒರಗಿಸಿದ್ದವು, ಇನ್ನೂ ಹೋಗಿರಲಿಲ್ಲ. ಆವಲಪ್ಪ ಹಗ್ಗ ಹಿಡಿದು ನಿಂತಿದ್ದವನು ಕಾರನ್ನು ಕಂಡು ಹಗ್ಗವನ್ನು ಕೆಳಗೆ ಹಾಕಲಿಲ್ಲ. "ಬನ್ನಿ ಸಾಹೇಬ್ರೇ," ಎಂದ, ಕೂತ್ಕಳ್ಳಿ ಎನ್ನಲಿಲ್ಲ. ಶ್ಯಾಮಲಮ್ಮ ಒಳಗಿನಿಂದ ಬಂದು ರಹಮತುನ್ನೀಸಾರಿಗೆ ಮಾತ್ರ, "ಬಾರಮ್ಮ, ನೆರಳಿಗೆ ಬಾ," ಎಂದರು.

ಸಾಹೇಬರು ಕಾರಿನ ಬಳಿಯಿಂದ ನಾಲ್ಕು ಹೆಜ್ಜೆ ಮುಂದೆ ಬಂದರು. "ನಿಮ್ಮ ಗೂಡು ಚೆನ್ನಾಗಿತ್ತಮ್ಮ," ಎಂದರು. "ಕೆಟ್ಟಿದ್ದು ನನ್ನ ಕಿವಿ. ನನಗೆ ಕೇಳಿಸ್ತಿಲ್ಲ. ಇವತ್ತು ಗೊತ್ತಾಯ್ತು."

ಆವಲಪ್ಪ ಹೆಂಡತಿಯ ಕಡೆ ನೋಡಲಾರದೆ ಚಂದ್ರಿಕೆಯ ಕಡೆ ನೋಡಿದ. "ಒದ್ದೆ ಸೊಪ್ಪು ಹಾಕಿದ್ದೀಯ, ಅದಕ್ಕೇ ರೋಗ ಬಂತು ಅಂತ ವಾರವೆಲ್ಲ ಬೈದೆ ಇವಳ್ನ," ಎಂದ. "ನನ್ನ ಕೈ ಮೇಲೆ ಅದು ಹೊರಳಾಡಿದ್ದನ್ನ ನಾನೇ ನೋಡಿದ್ದೆ. ಆದ್ರೂ ನಿಮ್ಮ ಮಾತು ನಂಬಿದೆ."

"ನಾನೂ ನೋಡಿದ್ದೆ," ಎಂದರು ಸಾಹೇಬರು.

ಶ್ಯಾಮಲಮ್ಮ ಒಳಗೆ ಹೋಗಿ, ದೇವರ ಗೂಡಿನ ಕೆಳಗಿಟ್ಟಿದ್ದ ಸಣ್ಣ ಮೊರವೊಂದನ್ನು ತಂದು ಅವರ ಮುಂದೆ ಹಿಡಿದರು. ಅದೇ ರಾಶಿಯಿಂದ ಆಕೆ ಮಾರುಕಟ್ಟೆಗೆ ಕಳಿಸದೆ ಉಳಿಸಿಕೊಂಡ ಒಂದು ಹಿಡಿ ಗೂಡು. ಒಂದೊಂದರ ತುದಿಯಲ್ಲೂ ತೂತು; ಒಂದೊಂದರ ಪಕ್ಕದಲ್ಲೂ ಬೆಳ್ಳಗಿನ, ಹಾರಲಾರದ, ರೆಕ್ಕೆ ನಡುಗಿಸುವ ಚಿಟ್ಟೆ. "ಇವತ್ತು ಬೆಳಿಗ್ಗೆ ಎದ್ದು ಬಂದವು. ಇಪ್ಪತ್ನಾಲ್ಕು ಇಟ್ಟಿದ್ದೆ, ಇಪ್ಪತ್ನಾಲ್ಕೂ. ಇವ್ರು ನಂಬ್ಲಿ ಬಿಡ್ಲಿ, ನನಗೆ ತಿಳೀಬೇಕಿತ್ತು." ಒಂದನ್ನು ಎತ್ತಿ ಸಾಹೇಬರ ಅಂಗೈ ಮೇಲೆ ಬಿಟ್ಟರು. ರೆಕ್ಕೆಗಳು ಅಂಗೈಗೆ ಬಡಿದವು, ಯಾರ ಕಿವಿಗೂ ಕೇಳಿಸದಷ್ಟು ಮೆಲ್ಲಗೆ. ಸಾಹೇಬರು ಕೈಯನ್ನು ಮುಚ್ಚದೆ, ಇಳಿಸದೆ ನಿಂತರು.

"ಆದ್ರೆ ಈ ಮಾತು ನನ್ ಅಂಗಳದಲ್ಲಿ ಹೇಳಿದ್ರೆ ಏನ್ ಬಂತು ಸಾಹೇಬ್ರೇ?" ಎಂದರು ಶ್ಯಾಮಲಮ್ಮ. "ಅಂದಿದ್ದು ಎಲ್ಲಿ?"

"ಮಾರುಕಟ್ಟೇಲಿ."

"ಹಂಗಾದ್ರೆ?"

ರಹಮತುನ್ನೀಸಾ ಆಕೆಯ ಪಕ್ಕದಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದರು. "ನಾಳೆ ಬೆಳಿಗ್ಗೆ," ಎಂದರು ಸಾಹೇಬರು. "ನೀವೂ ಬರಬೇಕಮ್ಮ."

"ಬರ್ತೀನಿ. ಅಲ್ಲೀವರ್ಗೂ ಹಗ್ಗ ಕಟ್ಟಬೇಡ," ಎಂದು ಗಂಡನಿಗೆ ಹೇಳಿ ಆಕೆ ಮಜ್ಜಿಗೆ ತರಲು ಒಳಗೆ ಹೋದರು.

ಮರುದಿನ ಹಜಾರ ಎಂದಿನಂತೆ ತುಂಬಿತ್ತು. ವಜೀರ್ ಸಾಹೇಬರು ಯಾರದೋ ಜಾಲರಿಯ ಮುಂದೆ ನಿಂತು ಒಂದು ಗೂಡನ್ನು ಎತ್ತಿದರು. ಹತ್ತಾರು ಕಣ್ಣು ಅವರ ಕೈಗೆ ಬಂದವು. ಕೈ ಕಿವಿಯ ಕಡೆ ಅರ್ಧ ಹೋಗಿತ್ತು. ಅಲ್ಲಿಯೇ ನಿಂತಿತು. ಅವರ ತಂದೆ ಈ ನೆಲದ ಮೇಲೆ ಇದೇ ಜಾಗದಲ್ಲಿ ಅವರ ಹೆಗಲ ಮೇಲೆ ಕೈಯಿಟ್ಟು ಮೊದಲ ಗೂಡನ್ನು ಕೇಳಿಸಿದ್ದರು; ಆ ಕೈಯ ಭಾರ ಈಗಲೂ ಇತ್ತು, ಆದರೆ ಅದು ತಡೆಯುತ್ತಿರಲಿಲ್ಲ. ಅವರು ಗೂಡನ್ನು ಪಕ್ಕದಲ್ಲಿದ್ದ ಪರ್ವೇಜನ ಅಂಗೈಗೆ ಹಾಕಿದರು. "ನೀನೇ ಕೇಳಿ ಹೇಳು," ಎಂದರು. "ನನಗೆ ಕಿವಿ ಹೋಗಿದೆ. ಹೋದ ವಾರ ಶ್ಯಾಮಲಮ್ಮನ ಗೂಡು ಸತ್ತಿದೆ ಅಂದೆನಲ್ಲ, ಅದು ತಪ್ಪು. ಅದು ಚಾಲಾಕಿಯೂ ಅಲ್ಲ, ಪರ್ವೇಜ್. ಅದಕ್ಕಿಂತ ಒಳ್ಳೇ ಗೂಡು ಈ ವರ್ಷ ಬಂದಿಲ್ಲ. ಇನ್ನು ನನ್ನ ಕೈ ನೋಡಬೇಡಿ, ನಿಮ್ಮ ನಿಮ್ಮ ಕಿವೀಲಿ ಕೇಳ್ಕೊಳ್ಳಿ."

ಹಜಾರದಲ್ಲಿ ಮಾತು ನಿಂತಿತು. ಸಾಹೇಬರಿಗೆ ಅದು ತಿಳಿದದ್ದು ತುಟಿಗಳು ನಿಂತುದರಿಂದ. ಪರ್ವೇಜ್ ಗೂಡನ್ನು ಹಿಡಿದು ಕೆಂಪಗಾಗಿದ್ದ. ಆಗ ರೈತರ ನಡುವಿನಿಂದ ಮೊರ ಹಿಡಿದು ನಿಂತಿದ್ದ ಶ್ಯಾಮಲಮ್ಮ ಕೈಯೆತ್ತಿ, ಕಿವುಡನಿಗೂ ಕೇಳುವಂತೆ ಕೂಗಿದರು: "ಇನ್ನೊಂದ್ಸಲ ಜೋರಾಗಿ ಹೇಳಿ ಸಾಹೇಬ್ರೇ! ಹಿಂದಿನೋರಿಗೆ ಕೇಳಿಸ್ಲಿಲ್ಲವಂತೆ!"

ಮೊದಲು ನಕ್ಕದ್ದು ಸಾಹೇಬರೇ. ಆಮೇಲೆ ಹಜಾರವೆಲ್ಲ ನಕ್ಕಿತು, ಆವಲಪ್ಪನೂ ನಕ್ಕ. ಅವರು ಎದೆ ತುಂಬ ಉಸಿರೆಳೆದುಕೊಂಡು, ಮೊದಲಿನಿಂದ, ಒಂದಕ್ಷರ ಬಿಡದೆ, ಜೋರಾಗಿ ಹೇಳಿದರು. ಹೇಳಿ ಮುಗಿಸಿ ನೋಡಿದರೆ ಶ್ಯಾಮಲಮ್ಮ ಅಲ್ಲಿರಲಿಲ್ಲ. ಸಾಕಲು ಹೊಸ ಮರಿಹುಳುಗಳು ಬೇಕೆಂದು ತಮ್ಮ ಹೆಸರು ಬರೆಸಲು ಹೋಗಿದ್ದಾರೆಂದು ಆವಲಪ್ಪ ಬೆರಳಿನಿಂದ ಬಾಗಿಲ ಕಡೆ ತೋರಿಸಿದ. ಹೊರಗೆ, ಬೇವಿನ ನೆರಳಿನಲ್ಲಿ, ಸದ್ದಿಲ್ಲದ ಕಾರಿನೊಳಗೆ ರಹಮತುನ್ನೀಸಾ ಕಾಯುತ್ತಿದ್ದರು. ಚಿಂತಾಮಣಿಯಲ್ಲಿ ಅಕ್ಕನ ಮನೆಯ ಊಟ ಒಂದು ದಿನ ತಡವಾಗಿತ್ತು, ಅಷ್ಟೇ.

ಈ ಕಥೆಯನ್ನು ಕಿವಿಯಿಂದ ಕೇಳಿದವರಿಗೂ, ಬೆರಳಿನಿಂದ ಕೇಳಿದವರಿಗೂ, ಪಕ್ಕದವರ ತುಟಿ ನೋಡಿ ತಿಳಿದವರಿಗೂ ಮಂಗಳವಾಗಲಿ. ಅವರು ಸಾಕಿದ ಜೀವವೆಲ್ಲ ರೆಕ್ಕೆ ತಳೆಯಲಿ. ಅವರ ತಪ್ಪುಗಳು ಸರಿಪಡಿಸಬಹುದಾದಷ್ಟು ದಿನ ಕಾದಿರಲಿ. ಬೆಳಗಿನ ಜಾವ ಅವರನ್ನೆಬ್ಬಿಸಲು ಪಾದದ ಬಳಿ ಒಂದು ಬೆರಳು ಎಂದೆಂದಿಗೂ ಇರಲಿ.